ಬೂದಿಕೋಟೆ ಸೀಮೆಯ ಗಡ್ಡೆ ಹೂವು

ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಶುರುಮಾಡಿದ ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಹೂ ಬೆಳೆಯುವ ನನಗೆ ಕೋಟೆಗಿಂತ ಇದೇ ದೊಡ್ಡ ಹೆಮ್ಮೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಪಕ್ಕದ ಕೆಜಿಎಫ್‌ನಲ್ಲಿ ಚಿನ್ನ ತೆಗೆಯತೊಡಗಿತು. ಅಲ್ಲಿನ ಗಣಿ ದೊರೆಗಳ ಬಂಗಲೆಗಳ ಸುತ್ತ ತೋಟಗಳೆದ್ದವು.

ಹೂಗಳಲ್ಲಿ ನನಗೆ ಪ್ರೀತಿಯದು ಗಡ್ಡೆಯಿಂದ ಬೆಳೆಯುವ ಗ್ಲಾಡಿಯೋಲಸ್. ಇದರ ಬಹುಪಾಲು ಜಾತಿಗಳ ತವರು ಆಫ್ರಿಕಾ. 1967ರಲ್ಲಿ ಆರಂಭವಾದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಮೀರಾ, ಪೂನಂ, ಸಪ್ನಾ ತಳಿಗಳನ್ನು ಕೊಟ್ಟಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ.

ಹೂ ಮುಗಿದು ಎಲೆ ಹಳದಿಯಾದ ಮೇಲೆ ಅಗೆದು ನೋಡಿ. ನೆಟ್ಟ ಗಡ್ಡೆ ಸುಕ್ಕುಗಟ್ಟಿ ಬತ್ತಿರುತ್ತದೆ. ಅದರ ನೆತ್ತಿಯ ಮೇಲೆ ಹೊಸದೊಂದು ದುಂಡಗೆ ಕೂತಿರುತ್ತದೆ, ಸಂದಿಯಲ್ಲಿ ಕಡಲೆಕಾಳಿನಷ್ಟು ಮರಿಗಳು. ಹಸಿಯಾಗಿಯೇ ನೆಟ್ಟರೆ ಮೊಳೆಯುವುದಿಲ್ಲ. ನೆರಳಲ್ಲಿ ಒಣಗಿಸಿ, ಕೆಲವು ತಿಂಗಳು ತಂಪಿನಲ್ಲಿ ಮಲಗಿಸಬೇಕು. ಮರಿಗಳು ಹೂ ಕೊಡುವಷ್ಟು ಬಲಿಯಲು ಇನ್ನೊಂದೆರಡು ಹಂಗಾಮು ಬೇಕು.