ಕಡತ ಸರ್ವರ್: ಬರಹ ಕೋರಿಕೆಯ ಉದ್ದದ ಪರಿಶೀಲನೆ

ಗಣಕಜಾಲದ ಕಡತ ಸರ್ವರ್‌ಗೆ ಬರುವ ಪ್ರತಿಯೊಂದು ಬರಹ ಕೋರಿಕೆಯಲ್ಲೂ ಜೊತೆಗಿರುವ ಮಾಹಿತಿ ಎಷ್ಟು ಬೈಟ್ ಎಂಬ ಅಂಕಿ ಇರುತ್ತದೆ. ಅದನ್ನು ನಮೂದಿಸುವುದು ಕಳುಹಿಸುವ ಯಂತ್ರವೇ ಆದ್ದರಿಂದ ಅದು ನಂಬಲರ್ಹವಲ್ಲ. ನವನಗರದ ಯಾವುದೋ ಕಚೇರಿಗೆ ‘40 ಪುಟ’ ಎಂದು ಬರೆದ ಲಕೋಟೆ ಬಂದು, ಒಳಗೆ ನಾಲ್ಕೇ ಪುಟಗಳಿವೆ ಎನ್ನೋಣ. ಗುಮಾಸ್ತನು ಎಣಿಸದೆ, ಮೇಜಿನ ಮೇಲಿದ್ದ ಅನ್ಯರ 36 ಪುಟಗಳನ್ನೂ ಸೇರಿಸಿ ಕಡತ ಕಟ್ಟಿದಂತೆ ಸರ್ವರ್ ವರ್ತಿಸುತ್ತದೆ. ಕಳುಹಿಸಿದವನು ಬಳಿಕ ಆ ಕಡತ ತೆರೆದು ಪರರ ಮಾಹಿತಿ ಓದಬಲ್ಲನು.

ಎಸ್‌ಎಂಬಿ-2 ನಿಯಮಾವಳಿಯಲ್ಲಿ ಈ ಅಂಕಿಗೆ 32 ಬಿಟ್ ಸ್ಥಳವಿದೆ, 4,29,49,67,295ರವರೆಗೂ ಬರೆಯಬಹುದು. ಮಾಹಿತಿ ಆರಂಭವಾಗುವ ಸ್ಥಾನಕ್ಕೆ ಉದ್ದವನ್ನು ಕೂಡಿದಾಗ ಮೊತ್ತ ನಿಜವಾಗಿ ಬಂದ ಸಂದೇಶದೊಳಗೇ ಇರಬೇಕು. ಕೂಡುವಾಗಲೂ ಎಚ್ಚರ ಅಗತ್ಯ: 32 ಬಿಟ್ ಮೀರಿದ ಮೊತ್ತ ಸುತ್ತಿ ಬಂದು ಚಿಕ್ಕದಾಗಿ ಕಾಣುತ್ತದೆ.

ಲಿನಕ್ಸ್‌ನ ಎನ್‌ಎಫ್‌ಎಸ್ ಸರ್ವರ್‌ನಲ್ಲಿ ಇಂತಹ ಲೋಪ 2017ರಲ್ಲಿ (ಸಿವಿಇ-2017-7895) ಬಯಲಾಯಿತು. ಪಾಠ ಕಲಿತಂತಿರಲಿಲ್ಲ. 2021ರಲ್ಲಿ ಲಿನಕ್ಸ್ 5.15ಕ್ಕೆ ಸೇರಿದ ‘ಕೆಎಸ್‌ಎಂಬಿಡಿ’ ಸರ್ವರ್‌ನಲ್ಲೂ ಬರಹ ಕೋರಿಕೆಯ ಉದ್ದ ಪರಿಶೀಲನೆ ಒಂದು ಸಂದರ್ಭದಲ್ಲಿ ಬಿಟ್ಟುಹೋಗಿತ್ತು (ಸಿವಿಇ-2022-47940). 5.18.18ರಲ್ಲಿ ಇದನ್ನು ಸರಿಪಡಿಸಲಾಯಿತು. ಸಾಂಬಾ ಬೇರೆಯೇ ತಂತ್ರಾಂಶ. ಅದಕ್ಕೆ ಈ ಲೋಪ ಅನ್ವಯಿಸದು.