ಮಿಸಿಸಿಪ್ಪಿಯ ಒಂದು ಹಳೆಯ ಮೊಕದ್ದಮೆ: ಕೌಂಟಿ ನ್ಯಾಯಾಲಯದ ಕಡತಗಳನ್ನು ಅರಸುವ ಬಗೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದಾಗ ರಕ್ತದೊತ್ತಡ, ಮಧುಮೇಹಗಳ ಬಗ್ಗೆ ನಾಲ್ಕು ಹಿತವಚನಗಳನ್ನು ಸಭಿಕರು ನಿರೀಕ್ಷಿಸುವುದು ಸಹಜ. ಇಂದು ಆ ವಾಡಿಕೆಯನ್ನು ಮುರಿಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇವೆ. ಅಮೆರಿಕದ ಚಿಕ್ಕ ಗ್ರಾಮೀಣ ಕೌಂಟಿಗಳಲ್ಲಿ ನಡೆದ ಘೋರಾಪರಾಧಗಳ, ಅಂದರೆ ಇಲ್ಲಿನವರು ಫೆಲನಿ ಎಂದು ಕರೆಯುವ ಮೊಕದ್ದಮೆಗಳ, ಹಳೆಯ ಕಡತಗಳು ಎಲ್ಲಿರುತ್ತವೆ, ಅವುಗಳನ್ನು ಕೇಳಿ ಪಡೆಯುವುದು ಹೇಗೆ, ಅವು ಕಾಣೆಯಾದರೆ ಆಗುವ ನಷ್ಟವೇನು ಎಂಬುದೇ ನಮ್ಮ ಇಂದಿನ ವಿಷಯ.

ಈ ಆಸಕ್ತಿ ನಮಗೆ ಹುಟ್ಟಿದ್ದು ಆಕಸ್ಮಿಕವಾಗಿ. ಭಾರತದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ರೆಸಿಡೆನ್ಸಿ ಮಾಡಿದ ಅನೇಕರು, ವೀಸಾ ನಿಯಮದಂತೆ ಎರಡು ವರ್ಷ ಸ್ವದೇಶಕ್ಕೆ ಮರಳುವುದರ ಬದಲು, ವೈದ್ಯರ ಕೊರತೆಯಿರುವ ಊರುಗಳಲ್ಲಿ ಮೂರು ವರ್ಷ ಸೇವೆ ಸಲ್ಲಿಸಿದವರು. ನಾವೂ ಅಂತಹದೊಂದು ಕೌಂಟಿಯಲ್ಲಿ ನೆಲೆಸಿದ್ದಾಗ, ವೃದ್ಧ ರೋಗಿಯೊಬ್ಬರು ದಶಕಗಳ ಹಿಂದಿನ ತಮ್ಮ ಸೋದರನ ಮೊಕದ್ದಮೆಯ ನಕಲು ಬೇಕೆಂದು ನಮ್ಮನ್ನು ನ್ಯಾಯಾಲಯಕ್ಕೆ ಜೊತೆಗೆ ಕರೆದೊಯ್ದರು. ಅಲ್ಲಿನ ಗುಮಾಸ್ತೆ ಮೂರು ಪ್ರಶ್ನೆ ಕೇಳಿದರು. ಅಪರಾಧ ನಡೆದದ್ದು ಯಾವ ಕೌಂಟಿಯಲ್ಲಿ? ಮೊಕದ್ದಮೆ ಯಾರ ಹೆಸರಿನಲ್ಲಿ ದಾಖಲಾಗಿದೆ? ತಮಗೆ ಬೇಕಾಗಿರುವ ಕಾಗದ ಯಾವುದು? ನಮ್ಮಿಬ್ಬರಿಗೂ ಸರಿಯಾದ ಉತ್ತರ ತಿಳಿದಿರಲಿಲ್ಲ. ಊರಿನ ತಾಲ್ಲೂಕು ಕಚೇರಿಯಲ್ಲಿ ನಕಲು ಅರ್ಜಿ ಹಾಕಿ ವಾರಗಟ್ಟಲೆ ಅಲೆದ ಅನುಭವವಿದ್ದ ನಮಗೂ ಅಂದು ಬರಿಗೈಯಲ್ಲಿ ಮರಳಬೇಕಾಯಿತು. ಎರಡನೆಯ ಭೇಟಿಯಲ್ಲಿ ಎರಡೇ ಹಾಳೆಗಳು ದೊರೆತವು. ಆಕೆ ಅವನ್ನು ಮಡಿಸದೆ, ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಮನೆಗೆ ಹೋದರು.

ಆ ಮೂರು ಪ್ರಶ್ನೆಗಳ ಮಹತ್ವ ನಮಗೆ ಪೂರ್ಣವಾಗಿ ಅರಿವಾದದ್ದು ಎಮೆಟ್ ಟಿಲ್ ಎಂಬ ಬಾಲಕನ ಕೊಲೆ ಮೊಕದ್ದಮೆಯ ಕಥೆಯನ್ನು ಓದಿದಾಗ. ಅದರ ಸಾರಾಂಶವನ್ನು ಮೊದಲು ನಿವೇದಿಸುತ್ತೇವೆ.

1955ರ ಆಗಸ್ಟ್ ತಿಂಗಳಲ್ಲಿ, ಶಿಕಾಗೋ ನಗರದ 14 ವರ್ಷದ ಕಪ್ಪು ಜನಾಂಗದ ಬಾಲಕ ಎಮೆಟ್ ಟಿಲ್, ಮಿಸಿಸಿಪ್ಪಿ ರಾಜ್ಯದ ಮನಿ ಎಂಬ ಹಳ್ಳಿಯ ಬಳಿಯಿದ್ದ ಬಂಧುಗಳ ಮನೆಗೆ ರಜೆಗೆಂದು ಬಂದಿದ್ದನು. ಅಲ್ಲಿನ ಅಂಗಡಿಯಲ್ಲಿದ್ದ ಬಿಳಿಯ ಮಹಿಳೆ ಕ್ಯಾರೊಲಿನ್ ಬ್ರಯಂಟ್‌ಳೊಡನೆ ಅನುಚಿತವಾಗಿ ವರ್ತಿಸಿದನೆಂಬ ಆಪಾದನೆ ಅವನ ಮೇಲೆ ಬಂತು. ಆಗಸ್ಟ್ 28ರ ನಡುರಾತ್ರಿಯ ನಂತರ ಆಕೆಯ ಪತಿ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ. ಡಬ್ಲ್ಯು. ಮೈಲಮ್ ಬಾಲಕನನ್ನು ಹಾಸಿಗೆಯಿಂದೆಬ್ಬಿಸಿ ಕರೆದೊಯ್ದರು. ಮೂರು ದಿನಗಳ ನಂತರ, ಹತ್ತಿ ಗಿರಣಿಯ ಭಾರಿ ಲೋಹದ ಫ್ಯಾನನ್ನು ಮುಳ್ಳುತಂತಿಯಿಂದ ಕೊರಳಿಗೆ ಬಿಗಿದಿದ್ದ ಅವನ ಶವ ಟ್ಯಾಲಹ್ಯಾಚಿ ನದಿಯಲ್ಲಿ ದೊರೆಯಿತು. ತಾಯಿ ಮೇಮಿ ಟಿಲ್ ಅವರು ಶಿಕಾಗೋದಲ್ಲಿ ಶವಪೆಟ್ಟಿಗೆಯನ್ನು ತೆರೆದಿಡಿಸಿ, ತಮ್ಮ ಮಗನಿಗಾದ ಗತಿಯನ್ನು ಜಗತ್ತು ಕಾಣುವಂತೆ ಮಾಡಿದರು. ಸೆಪ್ಟೆಂಬರ್ 19ರಿಂದ 23ರವರೆಗೆ ಸಮ್ನರ್ ಎಂಬ ಪುಟ್ಟ ಊರಿನಲ್ಲಿ ವಿಚಾರಣೆ ನಡೆಯಿತು. ಹನ್ನೆರಡು ಮಂದಿ ಬಿಳಿಯ ಪುರುಷರ ಜ್ಯೂರಿ 67 ನಿಮಿಷ ಸಮಾಲೋಚಿಸಿ ಆರೋಪಿಗಳಿಬ್ಬರನ್ನೂ ನಿರ್ದೋಷಿಗಳೆಂದು ಸಾರಿತು. 1956ರ ಜನವರಿಯಲ್ಲಿ ‘ಲುಕ್’ ಪತ್ರಿಕೆಯಲ್ಲಿ ಅವರಿಬ್ಬರೂ ಕೊಲೆಯನ್ನು ಒಪ್ಪಿಕೊಂಡ ವರದಿ ಪ್ರಕಟವಾಯಿತು. ಆದರೆ ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲವೆಂಬ ನಿಯಮದ ಆಶ್ರಯ ಅವರಿಗಿತ್ತು.

ಇಷ್ಟು ತಮ್ಮಲ್ಲಿ ಹಲವರು ಬಲ್ಲ ಸಂಗತಿಯೇ. ಈ ಮೊಕದ್ದಮೆಯ ಕಾಗದಪತ್ರಗಳು ಏನಾದವು ಎಂಬುದನ್ನು ಈಗ ನೋಡೋಣ.

ಮೊದಲನೆಯ ಪ್ರಶ್ನೆ: ಯಾವ ಕೌಂಟಿ? ಬಾಲಕನ ಅಪಹರಣ ನಡೆದದ್ದು ಲೆಫ್ಲೋರ್ ಕೌಂಟಿಯಲ್ಲಿ. ಅವನನ್ನು ಹಿಂಸಿಸಿದ್ದು, ವಿಚಾರಣೆಯ ನಡುವೆ ವಿಲ್ಲಿ ರೀಡ್ ಎಂಬ ಯುವಕ ಧೈರ್ಯದಿಂದ ಸಾಕ್ಷಿ ನುಡಿದಂತೆ, ಸನ್‌ಫ್ಲವರ್ ಕೌಂಟಿಯ ಒಂದು ಕೊಟ್ಟಿಗೆಯಲ್ಲಿ. ಶವ ಸಿಕ್ಕಿದ್ದು ಟ್ಯಾಲಹ್ಯಾಚಿ ಕೌಂಟಿಯಲ್ಲಿ. ಅಲ್ಲಿನ ಷೆರಿಫ್ ಎಚ್. ಸಿ. ಸ್ಟ್ರೈಡರ್ ಕೊಲೆಯು ತನ್ನ ವ್ಯಾಪ್ತಿಗೆ ಸೇರಿದ್ದೆಂದು ಸಾಧಿಸಿದನು. ಹೀಗಾಗಿ ಕೊಲೆಯ ಮೊಕದ್ದಮೆ ಟ್ಯಾಲಹ್ಯಾಚಿಗೂ ಅಪಹರಣದ ದೂರು ಲೆಫ್ಲೋರಿಗೂ ಸೇರಿ, ಒಂದೇ ರಾತ್ರಿಯ ಒಂದೇ ಕೃತ್ಯದ ದಾಖಲೆಗಳು ಎರಡು ಊರುಗಳಿಗೆ ಹಂಚಿಹೋದವು.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಮಿಸಿಸಿಪ್ಪಿಯ 82 ಕೌಂಟಿಗಳಲ್ಲಿ ಹತ್ತಕ್ಕೆ ಎರಡೆರಡು ಆಡಳಿತ ಕೇಂದ್ರಗಳಿವೆ. ಟ್ಯಾಲಹ್ಯಾಚಿ ಅವುಗಳಲ್ಲೊಂದು, ಚಾರ್ಲ್ಸ್‌ಟನ್‌ನಲ್ಲಿ ಒಂದು ನ್ಯಾಯಾಲಯ, ಸಮ್ನರ್‌ನಲ್ಲಿ ಇನ್ನೊಂದು. ಕೌಂಟಿಯ ಹೆಸರನ್ನು ಸರಿಯಾಗಿ ಬರೆದೂ ತಪ್ಪು ಊರಿಗೆ ಅರ್ಜಿ ಹಾಕುವ ಸಾಧ್ಯತೆ ಉಂಟು. ಕಚೇರಿಯ ಹೆಸರೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫೆಲನಿ ಕಡತಗಳು ಮಿಸಿಸಿಪ್ಪಿಯಲ್ಲಿ ಸರ್ಕಿಟ್ ಕ್ಲರ್ಕ್ ಬಳಿ, ಟೆಕ್ಸಸ್‌ನಲ್ಲಿ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ, ಜಾರ್ಜಿಯಾದಲ್ಲಿ ಸುಪೀರಿಯರ್ ಕೋರ್ಟಿನ ಕ್ಲರ್ಕ್ ಬಳಿ ಇರುತ್ತವೆ. ಕೇಂದ್ರ ಸರ್ಕಾರದ ಮಾಹಿತಿ ಸ್ವಾತಂತ್ರ್ಯ ಕಾಯಿದೆಯನ್ನು ಉಲ್ಲೇಖಿಸಿ ಕೌಂಟಿ ನ್ಯಾಯಾಲಯಕ್ಕೆ ಪತ್ರ ಬರೆಯುವವರಿದ್ದಾರೆ. ಆ ಕಾಯಿದೆ ಕೇಂದ್ರದ ಇಲಾಖೆಗಳಿಗೆ ಮಾತ್ರ ಅನ್ವಯಿಸುತ್ತದೆ. ಕೌಂಟಿಯ ಕಡತವನ್ನು ಕೌಂಟಿಯಲ್ಲೇ ಕೇಳಬೇಕು.

ಎರಡನೆಯ ಪ್ರಶ್ನೆ: ಯಾರ ಹೆಸರು? ಕ್ರಿಮಿನಲ್ ಮೊಕದ್ದಮೆಗಳ ಸೂಚಿಯನ್ನು ಆರೋಪಿಯ ಹೆಸರಿನ ಅನುಕ್ರಮದಲ್ಲಿ ಸಿದ್ಧಪಡಿಸುತ್ತಾರೆ. ವಾದಿ ರಾಜ್ಯ, ಪ್ರತಿವಾದಿ ಆರೋಪಿ. ಸತ್ತವನ ಹೆಸರಿಗೆ ಆ ಸೂಚಿಯಲ್ಲಿ ಸ್ಥಳವಿಲ್ಲ. ಇಂದು ಲೋಕವೆಲ್ಲ ಎಮೆಟ್ ಟಿಲ್ ಮೊಕದ್ದಮೆ ಎಂದು ಕರೆಯುವುದನ್ನು ನ್ಯಾಯಾಲಯದ ರಿಜಿಸ್ಟರಿನಲ್ಲಿ ಬ್ರಯಂಟ್ ಅಥವಾ ಮೈಲಮ್ ಎಂಬ ಹೆಸರಿನಡಿ ಹುಡುಕಬೇಕು.

ಈ ಹೆಸರಿನ ತೊಡಕಿಗೆ ಇನ್ನೊಂದು ನಿದರ್ಶನವನ್ನು 2022 ಒದಗಿಸಿತು. ಆ ವರ್ಷದ ಜೂನ್ ತಿಂಗಳಲ್ಲಿ ಟಿಲ್ ಕುಟುಂಬದ ಸದಸ್ಯರೂ ಸಾಕ್ಷ್ಯಚಿತ್ರ ನಿರ್ದೇಶಕ ಕೀತ್ ಬೋಶಾಂಪ್ ಅವರೂ ಇದ್ದ ತಂಡವೊಂದು ಗ್ರೀನ್‌ವುಡ್‌ನಲ್ಲಿರುವ ಲೆಫ್ಲೋರ್ ಕೌಂಟಿ ನ್ಯಾಯಾಲಯದ ನೆಲಮಾಳಿಗೆಗೆ ಇಳಿಯಿತು. ಅಲ್ಲಿ ದಶಕವಾರು ವಿಂಗಡಿಸಿದ ಪೆಟ್ಟಿಗೆಗಳಿದ್ದವೇ ಹೊರತು ಬೇರೆ ಗುರುತಿರಲಿಲ್ಲ. ಒಂದು ಪೆಟ್ಟಿಗೆಯೊಳಗಿನ ಕಡತದಲ್ಲಿ 1955ರ ಆಗಸ್ಟ್ 29ರ ದಿನಾಂಕವುಳ್ಳ ಬಂಧನದ ವಾರಂಟು ಸಿಕ್ಕಿತು. ಅಪಹರಣದ ಆಪಾದನೆಯ ಮೇಲೆ ಹೊರಡಿಸಿದ್ದ ಆ ವಾರಂಟಿನಲ್ಲಿ ಇಬ್ಬರು ಪುರುಷರ ಜೊತೆಗೆ ಮೂರನೆಯ ಹೆಸರೂ ಇತ್ತು: ‘ಮಿಸೆಸ್ ರಾಯ್ ಬ್ರಯಂಟ್’. ಕ್ಯಾರೊಲಿನ್ ಎಂಬ ಹೆಸರನ್ನೇ ಹುಡುಕಿದವರಿಗೆ ಅದು ಎಂದೂ ಸಿಗುತ್ತಿರಲಿಲ್ಲ. ಎಳೆಯ ಮಕ್ಕಳಿಬ್ಬರ ತಾಯಿಯಾದ ಆಕೆಗೆ ತೊಂದರೆ ಕೊಡುವುದಿಲ್ಲವೆಂದು ಲೆಫ್ಲೋರ್‌ನ ಷೆರಿಫ್ 1955ರಲ್ಲಿ ಪತ್ರಕರ್ತರಿಗೆ ಹೇಳಿದ್ದನು. ಅದರಂತೆ ವಾರಂಟು ಜಾರಿಯಾಗಲೇ ಇಲ್ಲ. ಅದು 67 ವರ್ಷ ಪೆಟ್ಟಿಗೆಯಲ್ಲಿ ಕುಳಿತಿತ್ತು.

ಮೂರನೆಯ ಪ್ರಶ್ನೆ: ಯಾವ ಕಾಗದ? ‘ಇಡೀ ಕಡತ ಕೊಡಿ’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವುದು ಆರೋಪಪತ್ರ, ವಾರಂಟು, ಸಮನ್ಸು, ತೀರ್ಪಿನ ಹಾಳೆ. ದಿನದಿನದ ಆದೇಶಗಳು ನಡಾವಳಿ ಪುಸ್ತಕದಲ್ಲಿರುತ್ತವೆ. ಅದನ್ನು ಬೇರೆಯಾಗಿ ಕೇಳಬೇಕು. ಸಾಕ್ಷಿಗಳ ಮಾತುಗಳ ಶಬ್ದಶಃ ಬರಹವಂತೂ ಇನ್ನೂ ಬೇರೆ. ಶೀಘ್ರಲಿಪಿಕಾರರು ಬರೆದುಕೊಂಡದ್ದನ್ನು ಬೆರಳಚ್ಚು ಮಾಡಿಸುವ ಅಗತ್ಯ ಸಾಮಾನ್ಯವಾಗಿ ಒದಗುವುದು ಮೇಲ್ಮನವಿ ಸಲ್ಲಿಸಿದಾಗ. ಶಿಕ್ಷೆಯಾದವನು ಮೇಲ್ಮನವಿ ಸಲ್ಲಿಸುತ್ತಾನೆ. ಬಿಡುಗಡೆಯಾದವನು ಮನೆಗೆ ಹೋಗುತ್ತಾನೆ. ಆದ್ದರಿಂದ ಆರೋಪಿ ಬಿಡುಗಡೆಯಾದ ಮೊಕದ್ದಮೆಯ ಕಡತವೇ ಎಲ್ಲಕ್ಕಿಂತ ತೆಳು. ನ್ಯಾಯ ಎಲ್ಲಿ ತಪ್ಪಿತೋ ಅಲ್ಲೇ ಕಾಗದವೂ ಕಡಿಮೆ ಉಳಿಯುತ್ತದೆ.

ಟಿಲ್ ಮೊಕದ್ದಮೆಯ ಬರಹ ಬೆರಳಚ್ಚಾಗಿತ್ತು. 1963ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಚ್. ಸ್ಟೀಫನ್ ವಿಟಕರ್ ಅದನ್ನು ಓದಿ, ಜ್ಯೂರಿಯ ಸದಸ್ಯರನ್ನೂ ಕಂಡು ಮಾತನಾಡಿಸಿ ಪ್ರಬಂಧ ಬರೆದರು. ಆಮೇಲೆ ದಶಕಗಳ ಕಾಲ ಆ ಬರಹ ಕಾಣೆಯಾಯಿತು. ಇತಿಹಾಸಕಾರರು ವೃತ್ತಪತ್ರಿಕೆಗಳ ವರದಿಗಳನ್ನೇ ನೆಚ್ಚಬೇಕಾಯಿತು. 2004ರಲ್ಲಿ ಕೇಂದ್ರದ ನ್ಯಾಯ ಇಲಾಖೆ ತನಿಖೆಯನ್ನು ಮತ್ತೆ ಆರಂಭಿಸಿದ ನಂತರ ಎಫ್.ಬಿ.ಐ.ಗೆ ಒಂದು ಪ್ರತಿ ದೊರೆಯಿತು. ಅದು ನಕಲಿನ ನಕಲು, ಅಕ್ಷರಗಳು ಮಾಸಿದ್ದವು. 350ಕ್ಕೂ ಹೆಚ್ಚು ಪುಟಗಳ ಅದನ್ನು ಮತ್ತೊಮ್ಮೆ ಬೆರಳಚ್ಚು ಮಾಡಲಾಯಿತು. 2007ರಲ್ಲಿ ಅದು ಸಾರ್ವಜನಿಕರಿಗೆ ಲಭ್ಯವಾಯಿತು.

ವೈದ್ಯರಾದ ನಮ್ಮನ್ನು ಆ ಬರಹದಲ್ಲಿ ತಡೆದು ನಿಲ್ಲಿಸುವುದು ಇನ್ನೊಬ್ಬ ವೈದ್ಯರ ಸಾಕ್ಷ್ಯ. ಆರೋಪಿಗಳ ಪರವಾಗಿ ಗ್ರೀನ್‌ವುಡ್‌ನ ಡಾ. ಎಲ್. ಬಿ. ಆಟ್ಕನ್ ಪ್ರಮಾಣ ಮಾಡಿ ನುಡಿದರು: ಶವ ಊದಿ ಕೊಳೆತು ಗುರುತಿಸಲಾಗದ ಸ್ಥಿತಿಯಲ್ಲಿತ್ತು, ಸತ್ತು ಎಂಟು ಹತ್ತು ದಿನಗಳಾದರೂ ಆಗಿದ್ದವು. ಬಾಲಕ ಕಾಣೆಯಾಗಿ ಆಗಿದ್ದುದು ಮೂರೇ ದಿನ. ಹಾಗಾದರೆ ಈ ಶವ ಬೇರೆ ಯಾರದೋ ಎಂದು ಜ್ಯೂರಿಯವರು ನಂಬಲು ಇದಕ್ಕಿಂತ ಅನುಕೂಲವಾದ ಮಾತು ಬೇಕಿರಲಿಲ್ಲ. ಸಾವಿನ ಕಾಲವನ್ನು ಕೊಳೆತದಿಂದ ಅಳೆಯುವುದು ಎಷ್ಟು ಅನಿಶ್ಚಿತವೆಂಬುದನ್ನು ನ್ಯಾಯವೈದ್ಯಶಾಸ್ತ್ರದ ಮೊದಲ ಪಾಠಗಳಲ್ಲೇ ನಮಗೆ ಕಲಿಸಿದ್ದರು. ಬೇಸಗೆಯ ಬಿಸಿ, ನೀರಿನ ಉಷ್ಣ, ಮೈಮೇಲಿನ ಗಾಯಗಳು ಎಲ್ಲವೂ ಆ ಲೆಕ್ಕವನ್ನು ಕೆಡಿಸಬಲ್ಲವು. ಆ ಅನಿಶ್ಚಿತತೆಗೆ ಮದ್ದು ಮರಣೋತ್ತರ ಪರೀಕ್ಷೆ. 1955ರಲ್ಲಿ ಅದನ್ನು ಮಾಡಲೇ ಇಲ್ಲ. ಶವದ ಬೆರಳಿನಲ್ಲಿದ್ದ, ತಂದೆಯ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ ಉಂಗುರವನ್ನು ತೋರಿಸಿದರೂ, ಇವನು ನನ್ನ ಮಗನೇ ಎಂದು ತಾಯಿ ಸಾಕ್ಷಿ ನುಡಿದರೂ ಪ್ರಯೋಜನವಾಗಲಿಲ್ಲ.

2005ರ ಜೂನ್ 1ರಂದು ಶಿಕಾಗೋ ಸಮೀಪದ ಗೋರಿಯಿಂದ ದೇಹವನ್ನು ಹೊರತೆಗೆದು, ಐವತ್ತು ವರ್ಷ ತಡವಾಗಿ, ಆ ಪರೀಕ್ಷೆ ನಡೆಸಿದರು. ಡಿ.ಎನ್.ಎ. ಹೋಲಿಕೆಯಿಂದ ದೇಹ ಎಮೆಟ್ ಟಿಲ್‌ನದೇ ಎಂದು ಖಚಿತವಾಯಿತು. ತಲೆಗೆ ಬಿದ್ದ ಗುಂಡೇಟಿನಿಂದ ಸಾವು ಸಂಭವಿಸಿತ್ತು. ತಾಯಿಯ ಮಾತು ನಿಜವಾಗಿತ್ತು. ಆದರೆ ಮೇಮಿ ಟಿಲ್-ಮೋಬ್ಲಿ ಅವರು 2003ರ ಜನವರಿಯಲ್ಲೇ ತೀರಿಕೊಂಡಿದ್ದರು. ಮೈಲಮ್ 1980ರಲ್ಲಿ, ಬ್ರಯಂಟ್ 1994ರಲ್ಲಿ ಸತ್ತಿದ್ದರು. 2022ರ ಆಗಸ್ಟ್‌ನಲ್ಲಿ ಲೆಫ್ಲೋರ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಕ್ಯಾರೊಲಿನ್ ಮೇಲೆ ಆರೋಪ ಹೊರಿಸಲು ನಿರಾಕರಿಸಿತು. 2023ರ ಏಪ್ರಿಲ್‌ನಲ್ಲಿ ಆಕೆಯೂ ಗತಿಸಿದಳು.

ಹಾಗಾದರೆ ಕಡತ ಸಿಕ್ಕಿ ಪ್ರಯೋಜನವೇನಾಯಿತು ಎಂದು ತಾವು ಕೇಳಬಹುದು. ಶಿಕ್ಷೆ ಯಾರಿಗೂ ಆಗಲಿಲ್ಲ, ನಿಜ. ಆದರೆ ಯಾರು ಯಾವ ಮಾತನ್ನು ಪ್ರಮಾಣ ಮಾಡಿ ಆಡಿದರು, ಯಾವ ಅಧಿಕಾರಿ ಯಾವ ಕಾಗದವನ್ನು ಜಾರಿ ಮಾಡದೆ ಬಿಟ್ಟನು ಎಂಬುದು ಈಗ ಹೇಳಿಕೆಯ ಮಾತಾಗಿ ಉಳಿದಿಲ್ಲ, ಕಾಗದದ ಮೇಲಿದೆ. ಟ್ಯಾಲಹ್ಯಾಚಿಯ ಜನ 2007ರಲ್ಲಿ ಸಮ್ನರ್ ನ್ಯಾಯಾಲಯದ ಮುಂದೆ ನಿಂತು ಟಿಲ್ ಕುಟುಂಬಕ್ಕೆ ತಮ್ಮ ವಿಷಾದವನ್ನು ಬಹಿರಂಗವಾಗಿ ತಿಳಿಸಿದರು. ಆ ಕಟ್ಟಡವನ್ನು 1955ರಲ್ಲಿದ್ದಂತೆಯೇ ಜೀರ್ಣೋದ್ಧಾರ ಮಾಡಿದ್ದಾರೆ; 2023ರ ಜುಲೈನಲ್ಲಿ ಅದು ರಾಷ್ಟ್ರೀಯ ಸ್ಮಾರಕದ ಭಾಗವಾಯಿತು.

ಇಂತಹ ಕಡತಗಳನ್ನು ಅರಸುವವರಿಗೆ, ಅನುಭವದಿಂದ ಕಲಿತ ನಾಲ್ಕು ಮಾತುಗಳು. ಮೊದಲು ಕಚೇರಿಗೆ ದೂರವಾಣಿ ಮಾಡಿ, ಹುಡುಕುವ ಶುಲ್ಕ, ಪುಟದ ಶುಲ್ಕ, ದೃಢೀಕೃತ ನಕಲಿನ ಶುಲ್ಕಗಳನ್ನು ವಿಚಾರಿಸಿಕೊಳ್ಳಿ. ಅರ್ಜಿಯಲ್ಲಿ ಆರೋಪಿಯ ಪೂರ್ಣ ಹೆಸರು, ಅದರ ಬೇರೆ ಕಾಗುಣಿತಗಳು, ವರ್ಷದ ಅಂದಾಜು, ಬೇಕಾದ ಕಾಗದದ ಹೆಸರು ಇವನ್ನು ಬರೆದು, ಸ್ವವಿಳಾಸದ ಅಂಚೆಚೀಟಿ ಹಚ್ಚಿದ ಲಕೋಟೆಯನ್ನಿಡಿ. ಗ್ರಾಮೀಣ ಕೌಂಟಿಗಳಲ್ಲಿ ನ್ಯಾಯಾಧೀಶರು ಹಲವು ಊರುಗಳನ್ನು ಸುತ್ತುವುದರಿಂದ ನ್ಯಾಯಾಲಯ ಕೆಲವೇ ವಾರಗಳು ನಡೆಯುತ್ತದೆ. ಆ ವಾರಗಳಲ್ಲಿ ಗುಮಾಸ್ತರಿಗೆ ಬಿಡುವಿರುವುದಿಲ್ಲ, ಬೇರೆ ವಾರ ಹೋಗಿ. ಗ್ರ್ಯಾಂಡ್ ಜ್ಯೂರಿಯ ಕಲಾಪ, ಬಾಲಾಪರಾಧಿಗಳ ಕಡತ, ಮೊಹರು ಮಾಡಿದ ಕಡತ ಇವು ಸಾಮಾನ್ಯವಾಗಿ ಸಿಗುವುದಿಲ್ಲ. ‘ಇಲ್ಲ’ ಎಂಬ ಉತ್ತರ ಬಂದರೆ, ಯಾವ ರಿಜಿಸ್ಟರನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದಿರಿ ಎಂದು ವಿನಯದಿಂದ ಕೇಳಿ. ರಾಜ್ಯದ ಪತ್ರಾಗಾರಕ್ಕೂ ಬರೆಯಿರಿ. ಮತ್ತೊಂದು ಮಾತು: ಸಿಕ್ಕಿದ ಹಾಳೆಯಲ್ಲಿ ಕಾಣುವುದು ಒಬ್ಬ ಮನುಷ್ಯನ ಬಾಳಿನ ಅತ್ಯಂತ ಕೆಟ್ಟ ದಿನ. ಕುತೂಹಲಕ್ಕಾಗಿ ನೆರೆಯವರ ಕಡತ ತೆಗೆಯುವುದು ಸಲ್ಲದು.

ನಮ್ಮ ವೃತ್ತಿಬಾಂಧವರಿಗೆ ವಿಶೇಷವಾಗಿ ಒಂದು ಬಿನ್ನಹ. ಹೊರಡುವ ಆತುರದಲ್ಲಿ ನಾವು ಗೀಚುವ ಎರಡು ಸಾಲು, ಸಾಕ್ಷಿಕಟ್ಟೆಯಲ್ಲಿ ಆಡುವ ಒಂದು ಮಾತು, ನಾವು ಹೋದ ಮೇಲೂ ಯಾವುದೋ ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ಉಳಿದಿರುತ್ತವೆ. ಮುಂದೊಂದು ದಿನ ಯಾರೋ ಒಬ್ಬ ತಾಯಿಯೋ, ಅಕ್ಕನೋ ಬಂದು ಅದನ್ನು ಕೇಳುವರು. ತಿಳಿದದ್ದನ್ನಷ್ಟೇ ಬರೆಯೋಣ, ತಿಳಿಯದ್ದನ್ನು ತಿಳಿಯದೆಂದೇ ಬರೆಯೋಣ.