ಕಾಫಿಯ ಮಲೆಯಲ್ಲಿ ಅಕ್ಷರದಾನ

ನಮ್ಮ ಹಿರಿಯರು ದಾನಗಳನ್ನು ಎಣಿಸುವಾಗ ಅನ್ನದೊಡನೆ ವಿದ್ಯೆಯನ್ನೂ ಸೇರಿಸಿದರು. ಜೈನರ ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಭೈಷಜ್ಯಗಳ ಜೊತೆಗೆ ಶಾಸ್ತ್ರದಾನವೂ ಒಂದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿಯನ್ನು ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಗ್ರಂಥವನ್ನು ಕೊಡುವುದು ಒಂದು ದಾನ. ಅದನ್ನು ಓದುವ ಕಣ್ಣನ್ನು ಕೊಡುವುದು ಇನ್ನೊಂದು. ಈ ಎರಡನೆಯ ದಾನ ನಮ್ಮಲ್ಲಿ ಬಹುಕಾಲ ಕೆಲವೇ ಮನೆಗಳ ಹೊಸ್ತಿಲೊಳಗೆ ಉಳಿಯಿತು. ಕೂಲಿಮಠದ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದುದು ನಿಜ. ಆದರೆ ಐಗಳಿಗೆ ಕಾಳುಕಡ್ಡಿ ಕೊಡಲಾರದವರ ಮಕ್ಕಳಾಗಲಿ, ಜಾತಿಯ ಕಟ್ಟಿನಿಂದ ಹೊರಗೆ ನಿಂತವರ ಮಕ್ಕಳಾಗಲಿ ಆ ಜಗಲಿಯನ್ನು ಹತ್ತಲಿಲ್ಲ.

ಚಿಕ್ಕಮಗಳೂರಿನಿಂದ ಆಲ್ದೂರಿನತ್ತ ಹೋಗುವ ದಾರಿಯಲ್ಲಿರುವ ವಸ್ತಾರೆ ಹೋಬಳಿಯನ್ನೂ, ಅಲ್ಲಿಂದ ಮೂಡಿಗೆರೆ, ಕಳಸಗಳವರೆಗೆ ಹಬ್ಬಿದ ಕಾಫಿಯ ಮಲೆಯನ್ನೂ ಈ ದೃಷ್ಟಿಯಿಂದ ನೋಡಬೇಕು. ಇದು ಅಕ್ಷರಕ್ಕೆ ಬಡವಾದ ಸೀಮೆಯಲ್ಲ. ಆಗ ಕಡೂರು ಜಿಲ್ಲೆ ಎಂದು ಹೆಸರಿದ್ದ ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಹೊರತಂದರು. ಅದು ದೊಡ್ಡ ಗ್ರಂಥವೇ ಆಯಿತು. ಕಲ್ಲಿಗೂ ಅಕ್ಷರವಿದ್ದ ನಾಡಿನಲ್ಲಿ ಕಲ್ಲು ಹೊತ್ತವನಿಗೆ ಮಾತ್ರ ಅಕ್ಷರವಿರಲಿಲ್ಲ.

1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಚಿಕ್ಕಮಗಳೂರಿನ ಬಳಿ ಕಾಫಿ ತೋಟವನ್ನು ಎಬ್ಬಿಸಿದ ಮೇಲೆ ಈ ಮಲೆಯ ಬಾಳು ಬೇರೆಯಾಯಿತು. ತೋಟಗಳು ಹೆಚ್ಚಿದಂತೆ ಘಟ್ಟದ ಕೆಳಗಿನಿಂದ ತುಳು ಆಡುವವರೂ, ತಮಿಳು ಸೀಮೆಯವರೂ, ಬಯಲುಸೀಮೆಯ ಕನ್ನಡಿಗರೂ ಕೂಲಿಗಾಗಿ ಬಂದು ಲೈನು ಮನೆಗಳಲ್ಲಿ ನೆಲೆಸಿದರು. ಅವರನ್ನು ಕರೆತಂದವನು ಮೇಸ್ತ್ರಿ. ಕರೆತಂದ ಬಲ ಮುಂಗಡದ ಹಣ. ದಿನದ ಹಾಜರಿ ಚೆಕ್‌ರೋಲಿನಲ್ಲಿ ಏರುತ್ತಿತ್ತು. ಅದನ್ನು ಬರೆಯುವ ಗುಮಾಸ್ತನಿಗೆ ತೋಟದಲ್ಲಿ ‘ರೈಟರ್’ ಎಂದೇ ಹೆಸರು. ಈ ಹೆಸರಿನ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ನೂರಾರು ಜನ ದುಡಿಯುವ ಕಡೆ ‘ಬರೆಯುವವನು’ ಎಂಬುದೇ ಒಂದು ಹುದ್ದೆಯಾಗಿತ್ತೆಂದರೆ, ಮಿಕ್ಕವರು ಬರೆಯದವರೆಂಬುದು ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು. ಪಡೆದ ಮುಂಗಡವೆಷ್ಟು, ತೀರಿದ್ದೆಷ್ಟು, ಉಳಿದುದೆಷ್ಟು ಎಂಬುದು ಕೂಲಿಯವನ ಬೆವರಿನ ಲೆಕ್ಕ. ಆದರೆ ಅದು ಅವನು ಓದಲಾರದ ಕಾಗದದಲ್ಲಿ ಇತ್ತು. ಅದರ ಕೆಳಗೆ ಅವನದೆಂದು ಇದ್ದುದು ಹೆಬ್ಬೆಟ್ಟಿನ ಗುರುತು ಒಂದೇ.

ಸ್ವಾತಂತ್ರ್ಯಾನಂತರ, 1951ರ ತೋಟಗಾರಿಕಾ ಕಾರ್ಮಿಕರ ಕಾಯಿದೆಯು ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿರುವ ತೋಟಗಳಲ್ಲಿ ಶಾಲೆಯ ಅನುಕೂಲ ಕಲ್ಪಿಸುವಂತೆ ಮಾಲೀಕರನ್ನು ಕೇಳಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಮಕ್ಕಳ ಮಾತು ಹೀಗಾಯಿತು. ಆ ಮಕ್ಕಳ ತಂದೆತಾಯಿಗಳ ಗತಿಯೇನು? ಇದಕ್ಕೆ ಉತ್ತರ ಹುಡುಕಿದವರು ಸ್ವಯಂಸೇವಕರು. 1940ರ ದಶಕದ ಮೊದಲಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಸಾಕ್ಷರತೆಯ ಕೆಲಸಕ್ಕೆ ಕೈಹಾಕಿದ್ದರು. ಆ ಯತ್ನವೇ ಬೆಳೆದು ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯಾಯಿತು. ಅದು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆಯಿತು. ಹೊಸದಾಗಿ ಅಕ್ಷರ ಕಲಿತವರಿಗೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ನಡೆಸಿತು. ಇದರ ಹಿಂದಿನ ವಿವೇಕ ದೊಡ್ಡದು. ಕಲಿತ ಅಕ್ಷರ ಓದಿಲ್ಲದೆ ಉಳಿಯದು. ಎಣ್ಣೆ ಹಾಕದ ದೀಪ ಎಷ್ಟು ಹೊತ್ತು ಉರಿದೀತು?

ಮುಂದಿನ ಚರಿತ್ರೆ ಇದೇ ಮಾತನ್ನು ಸಾರುತ್ತದೆ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು 15ರಿಂದ 35 ವರ್ಷದ ಹತ್ತು ಕೋಟಿ ಜನರನ್ನು ಮುಟ್ಟಲು ಸಂಕಲ್ಪಿಸಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದಿತು. ಕೇರಳದ ಎರ್ನಾಕುಲಂ 1990ರಲ್ಲಿ ಪೂರ್ಣ ಸಾಕ್ಷರ ಜಿಲ್ಲೆಯಾದುದು ಸ್ವಯಂಸೇವಕರ ಶಕ್ತಿಯನ್ನು ನಾಡಿಗೆಲ್ಲ ತೋರಿಸಿತು. ನಮ್ಮಲ್ಲಿ ಮೊದಲು ಆ ದಾರಿ ಹಿಡಿದವು ದಕ್ಷಿಣ ಕನ್ನಡ ಮತ್ತು ಬಿಜಾಪುರ ಜಿಲ್ಲೆಗಳು. ಸಂಬಳವಿಲ್ಲದ ಯುವಕ ಯುವತಿಯರು ಸಂಜೆಯ ಹೊತ್ತು ಕೇರಿಗಳಿಗೆ ಹೋಗಿ ಕಲಿಸಿದರು. ಆದರೆ ಅಭಿಯಾನದ ಡೋಲು ನಿಂತ ಮೇಲೆ ಅನೇಕ ಕಡೆ ಕಲಿತವರು ಕಲಿತುದನ್ನು ಮರೆತರು. ದೇಶದ ಸಾಕ್ಷರತೆ 1951ರಲ್ಲಿ ನೂರಕ್ಕೆ 18ರಷ್ಟಿದ್ದುದು 2011ರ ವೇಳೆಗೆ 73ಕ್ಕೆ ಏರಿದ್ದು ಸಣ್ಣ ಸಾಧನೆಯಲ್ಲ. ಅದೇ ಗಣತಿಯಂತೆ ಚಿಕ್ಕಮಗಳೂರು ಜಿಲ್ಲೆ 79ರ ಆಸುಪಾಸಿನಲ್ಲಿತ್ತು. ಉಳಿದ ಐದನೆಯ ಒಂದು ಪಾಲಿನಲ್ಲಿ ಹೆಂಗಸರೇ ಹೆಚ್ಚು.

ಕಾಫಿಯ ಸೀಮೆಯಲ್ಲಿ ಕಲಿಸುವವರು ಮೊದಲು ತಿಳಿಯಬೇಕಾದುದು ಗಿಡದ ಪಂಚಾಂಗವನ್ನು. ನವೆಂಬರಿನಿಂದ ಅರೇಬಿಕ ಹಣ್ಣಿನ ಕುಯ್ಲು, ಅದರ ಬೆನ್ನಿಗೆ ರೋಬಸ್ಟ. ಆ ತಿಂಗಳುಗಳಲ್ಲಿ ಬೆಳಗಿನಿಂದ ಹಣ್ಣು ಕಿತ್ತು ದಣಿದ ಬೆರಳು ಸೀಸದ ಕಡ್ಡಿಯನ್ನು ಹಿಡಿಯದು. ಆಷಾಢದ ಮಳೆಯಲ್ಲಿ ಕೈಗೆ ಬಿಡುವಿದೆ, ದಾರಿಗೆ ಬಿಡುವಿಲ್ಲ. ದೂರದ ಕಚೇರಿಯಲ್ಲಿ ಕೂತು ಬರೆದ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ತರಗತಿ ಲೈನಿನ ಜಗಲಿಗೇ ಬರಬೇಕು. ಬಿಡುವಿದ್ದಾಗ ದಟ್ಟವಾಗಿ, ಕುಯ್ಲಿನಲ್ಲಿ ವಿರಳವಾಗಿ ನಡೆಯಬೇಕು.

ಇನ್ನು ಇಂಗ್ಲಿಷಿನ ಮಾತು. ಕನ್ನಡದ ಅಧ್ಯಾಪಕನೊಬ್ಬನು ಇಂಗ್ಲಿಷನ್ನೂ ಕಲಿಸಿರೆಂದರೆ ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007ರಲ್ಲಿ. ಮಗು ತಂದ ಪುಸ್ತಕ ಮನೆಯ ಹಿರಿಯರಿಗೆ ಮುಚ್ಚಿದ ಬಾಗಿಲು. ಔಷಧದ ಪಟ್ಟಿ, ಬ್ಯಾಂಕಿನ ಸಂದೇಶ, ಗಿಡಕ್ಕೆ ಹೊಡೆಯುವ ವಿಷದ ಡಬ್ಬಿ ಇವುಗಳ ಮೇಲೆಯೂ ಆ ಅಕ್ಷರಗಳೇ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದಲಾರದವನು ಪ್ರಾಣವನ್ನೇ ಪಣಕ್ಕಿಡುತ್ತಾನೆ. ಆದುದರಿಂದ ಇಂಗ್ಲಿಷ್ ಬೇಡವೆನ್ನುವಂತಿಲ್ಲ. ಕ್ರಮ ಮಾತ್ರ ತಪ್ಪಬಾರದು. ಕನ್ನಡ ಲಿಪಿಯಲ್ಲಿ ಬರೆದಂತೆ ಓದುತ್ತೇವೆ. ಆಡಿದ ಸದ್ದೇ ಬರೆದ ಗುರುತು ಎಂಬ ರಹಸ್ಯ ಅಲ್ಲಿ ಬೇಗ ಹೊಳೆಯುತ್ತದೆ. ಆ ರಹಸ್ಯ ಒಮ್ಮೆ ತಿಳಿದವರಿಗೆ ಇಂಗ್ಲಿಷಿನ ವಕ್ರತೆ ಅಷ್ಟು ಹೆದರಿಕೆ ಹುಟ್ಟಿಸದು. ಅಲ್ಲದೆ ಇಂಗ್ಲಿಷಿನ ಶಬ್ದಗಳು ಕೂಲಿಯವರಿಗೆ ಹೊಸವೂ ಅಲ್ಲ. ಲೈನು, ಬ್ಲಾಕು, ಪಲ್ಪರ್, ಬೋನಸ್, ಚೆಕ್‌ರೋಲ್ ಮೊದಲಾದವನ್ನು ಅವರು ದಿನವೂ ಆಡುತ್ತಾರೆ. ಬಾಯಿಗೆ ಬಂದದ್ದು ಕಣ್ಣಿಗೆ ಬಂದಿಲ್ಲ, ಅಷ್ಟೇ. ಪಾಠ ಅಲ್ಲಿಂದಲೇ ಹೊರಡಲಿ.

ಈಗ ಇದೇ ಲೈನುಗಳಿಗೆ ಅಸ್ಸಾಮಿನಿಂದಲೂ ಬಂಗಾಳದಿಂದಲೂ ಕೂಲಿಯವರು ಬರುತ್ತಿದ್ದಾರೆ. ಹಿಂದೆ ತುಳುವರಿಗೂ ತಮಿಳರಿಗೂ ಕನ್ನಡ ಬೇಕಾದಂತೆ ಇವರಿಗೂ ಆಡುವಷ್ಟು ಕನ್ನಡ ಬೇಕು. 2022ರಲ್ಲಿ ಐದು ವರ್ಷಗಳಿಗೆಂದು ಹೊರಟ ನವಭಾರತ ಸಾಕ್ಷರತಾ ಕಾರ್ಯಕ್ರಮ ಸ್ವಯಂಸೇವಕರನ್ನೇ ನಂಬಿದೆ. ಯೋಜನೆಗಳು ಬಂದು ಹೋಗುತ್ತವೆ. ಊರಿನಲ್ಲಿ ಉಳಿಯುವವರು ನಿವೃತ್ತ ಉಪಾಧ್ಯಾಯರು, ಕಾಲೇಜು ಮುಗಿಸಿದ ಹುಡುಗಿಯರು, ಬಿಡುವುಳ್ಳ ಗೃಹಿಣಿಯರು. ಅವರಲ್ಲಿ ಒಬ್ಬೊಬ್ಬರು ವಾರಕ್ಕೆ ಎರಡು ಸಂಜೆ ಕೊಟ್ಟು, ಪಾಠ ಮುಗಿದ ಮೇಲೂ ಪುಸ್ತಕದ ಪೆಟ್ಟಿಗೆಯೊಂದನ್ನು ಲೈನಿನಲ್ಲಿ ತೆರೆದಿಟ್ಟರೆ ಸಾಕು. ಅಕ್ಷರ ಬಂತೆಂದು ನಾವು ತಿಳಿಯಬೇಕಾದುದು ಸಹಿ ಹಾಕಿದ ದಿನವಲ್ಲ. ಲೈನಿನ ಹೆಂಗಸೊಬ್ಬಳು ಚೆಕ್‌ರೋಲಿನ ಮೇಲೆ ಬೆರಳಿಟ್ಟು, “ರೈಟರೇ, ಇಲ್ಲಿ ನನ್ನ ಎರಡು ದಿನ ಬಿಟ್ಟುಹೋಗಿದೆ” ಎಂದು ಹೇಳಿದ ದಿನ.